ಡಿಎಲ್ಎಲ್ ಕಾಣೆಯಾದರೆ: ಬಿಡಿ ಫೈಲೋ, ಎಸ್ಎಫ್‌ಸಿಯೋ, ಪೂರ್ತಿ ಪ್ಯಾಕೇಜೋ?

"ವಿಸಿರನ್‌ಟೈಮ್140.ಡಿಎಲ್ಎಲ್ ಸಿಗುತ್ತಿಲ್ಲ, ಪ್ರೋಗ್ರಾಂ ಮತ್ತೆ ಇನ್‌ಸ್ಟಾಲ್ ಮಾಡಿ" ಎನ್ನುತ್ತದೆ ವಿಂಡೋಸ್. ಡಿಎಲ್ಎಲ್ ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಇರುವ ಫೈಲ್. ಹೇಳಿದಂತೆ ಮಾಡಿದರೂ ಎಷ್ಟೋ ಸಲ ಅದೇ ಎರರ್ ಮತ್ತೆ ಬರುತ್ತದೆ. ಏಕೆಂದರೆ ಆ ಫೈಲ್ ಬರುವುದು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜಿನಲ್ಲಿ. ಎಷ್ಟೋ ಪ್ರೋಗ್ರಾಂಗಳು ಅದನ್ನು ಜೊತೆಗೆ ಹೊತ್ತು ತರುವುದಿಲ್ಲ. 64 ಬಿಟ್ ವಿಂಡೋಸ್ 10ರಲ್ಲಿ ಆ ಪ್ಯಾಕೇಜನ್ನು ಬೇಕೆಂದೇ ತೆಗೆದುಹಾಕಿ, ಜನ ಸಾಮಾನ್ಯವಾಗಿ ಹಿಡಿಯುವ ಮೂರು ದಾರಿಗಳನ್ನು ಪ್ರಯೋಗಿಸಿದಾಗ ಕಂಡದ್ದು ಇಲ್ಲಿದೆ.

ಬಿಡಿ ಡಿಎಲ್ಎಲ್ ಇಳಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಎಡವುವುದು ಫೋಲ್ಡರಿನ ಹೆಸರಿನಲ್ಲೇ: ಸಿಸ್ಟಮ್32ರಲ್ಲಿ ಇರುವುದು 64 ಬಿಟ್ ಫೈಲುಗಳು, 32 ಬಿಟ್‌ನವು ಸಿಸ್‌ವಾವ್64ರಲ್ಲಿ. ಹೆಸರಿಟ್ಟವರಿಗೆ ನಮಸ್ಕಾರ! ಹೆಸರು ನಂಬಿ 32 ಬಿಟ್ ಫೈಲನ್ನು ಸಿಸ್ಟಮ್32ಕ್ಕೆ ಹಾಕಿದರೆ 64 ಬಿಟ್ ಪ್ರೋಗ್ರಾಂ 0ಎಕ್ಸ್‌ಸಿ000007ಬಿ ಎಂಬ ಎರರ್ ಕೊಟ್ಟು ನಿಂತುಬಿಡುತ್ತದೆ. ಸರಿಯಾದ ಫೈಲನ್ನೇ ಹಾಕಿದರೆ ಮುಂದಿನ ತಕರಾರು ಎಂಎಸ್‌ವಿಸಿಪಿ140 ಇಲ್ಲವೆಂದು. ಅದಾದ ಮೇಲೆ ವಿಸಿರನ್‌ಟೈಮ್140_1. ಹೀಗೆ ಬಿಡಿಬಿಡಿಯಾಗಿ ಹಾಕಿದ ಫೈಲುಗಳಲ್ಲಿ ವೈರಸ್ ಇಲ್ಲವೆಂಬ ಖಾತರಿಯೂ ಇಲ್ಲ.

ವಿಂಡೋಸ್ ಫೈಲುಗಳನ್ನು ಪರೀಕ್ಷಿಸಿ ಸರಿಮಾಡುವ ಎಸ್ಎಫ್‌ಸಿ /ಸ್ಕ್ಯಾನ್‌ನೌ ಕಮಾಂಡ್ ಪೂರ್ತಿ ಓಡಿ, ಏನೂ ತೊಂದರೆ ಇಲ್ಲ ಎಂದು ವರದಿ ಕೊಟ್ಟಿತು. ಪ್ರೋಗ್ರಾಂ ಮಾತ್ರ ತೆರೆಯಲಿಲ್ಲ. ಎಸ್ಎಫ್‌ಸಿ ನೋಡುವುದು ವಿಂಡೋಸ್‌ನ ಸ್ವಂತ ಫೈಲುಗಳನ್ನಷ್ಟೇ. ಶೆಲ್32.ಡಿಎಲ್ಎಲ್‌ನಂಥದ್ದು ಕೆಟ್ಟಿದ್ದರೆ ಮಾತ್ರ ಇದೇ ಸರಿಯಾದ ಮದ್ದು. ಆಗ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಮೊದಲು ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್ ಓಡಿಸಿ, ಆಮೇಲೆ ಎಸ್ಎಫ್‌ಸಿ. ಎಸ್ಎಫ್‌ಸಿ ಒಳ್ಳೆಯ ಪ್ರತಿಯನ್ನು ತೆಗೆದುಕೊಳ್ಳುವ ಉಗ್ರಾಣವೇ ಕೆಟ್ಟಿದ್ದರೆ ಅದನ್ನು ಸರಿಮಾಡುವುದು ಡಿಐಎಸ್‌ಎಂ. ಅದಕ್ಕೆ ಸಾಮಾನ್ಯವಾಗಿ ಇಂಟರ್ನೆಟ್ ಬೇಕು.

ಗೆದ್ದದ್ದು ರೀಡಿಸ್ಟ್ರಿಬ್ಯೂಟಬಲ್. ಮೈಕ್ರೋಸಾಫ್ಟ್ ತಾಣದಿಂದ ಎಕ್ಸ್86 (32 ಬಿಟ್), ಎಕ್ಸ್64 (64 ಬಿಟ್) ಎರಡನ್ನೂ ಇಳಿಸಿಕೊಳ್ಳಿ. ಎರಡೂ ಸೇರಿ 50 ಎಂಬಿ ಮುಟ್ಟುವುದಿಲ್ಲ. ಕಂಪ್ಯೂಟರ್ 64 ಬಿಟ್ ಎಂದು ಎಕ್ಸ್86 ಬಿಟ್ಟರೆ 32 ಬಿಟ್ ಪ್ರೋಗ್ರಾಂಗಳು ಮತ್ತೆ ಅದೇ ರಾಗ ಎಳೆಯುತ್ತವೆ. ಮೊದಲೇ ಹಾಕಿದ್ದರೆ ಆ್ಯಪ್‌ಗಳ ಪಟ್ಟಿಯಲ್ಲಿ ಮಾಡಿಫೈ ಒತ್ತಿ ರಿಪೇರ್ ಆರಿಸಿ.

ಯಾವ ವರ್ಷದ ಪ್ಯಾಕೇಜ್ ಬೇಕೆಂಬುದು ಫೈಲ್ ಹೆಸರಿನ ಅಂಕಿಯಲ್ಲೇ ಇದೆ. ಎಂಎಸ್‌ವಿಸಿಆರ್100 ಎಂದರೆ 2010ರದು, 110 ಎಂದರೆ 2012, 120 ಎಂದರೆ 2013. 140 ಎಂದಿದ್ದರೆ 2015ರಿಂದ 2022ರವರೆಗಿನ ಎಲ್ಲಕ್ಕೂ ಒಂದೇ ಪ್ಯಾಕೇಜ್. ಹಳೆಯ ಗೇಮ್‌ಗಳು ಕೇಳುವ ಡಿ3ಡಿಎಕ್ಸ್9_43 ಈ ಬಳಗದ್ದಲ್ಲ; ಅದಕ್ಕೆ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಬೇಕು.

ಡಿಎಲ್ಎಲ್‌ಗಳನ್ನು ವಿಂಡೋಸ್‌ನಲ್ಲಿ ನೋಂದಾಯಿಸುವ ರೆಗ್‌ಎಸ್‌ವಿಆರ್32 ಕಮಾಂಡ್ ಓಡಿಸಿ ಎಂಬ ಸಲಹೆಯೂ ಸಿಗುತ್ತದೆ. ಅದು ಹೀಗೆ ನೋಂದಾಯಿಸಬೇಕಾದ ಕಾಮ್ ಬಗೆಯ ಡಿಎಲ್ಎಲ್‌ಗಳಿಗೆ ಮಾತ್ರ. ವಿಸಿರನ್‌ಟೈಮ್‌ಗೆ ಹೇಳಿದರೆ ಡಿಎಲ್ಎಲ್‌ರಿಜಿಸ್ಟರ್‌ಸರ್ವರ್ ಎಂಬುದೇ ಇಲ್ಲ ಎಂದು ವಾಪಸ್ ಕಳಿಸುತ್ತದೆ.

ಪ್ಯಾಕೇಜ್ ಹಾಕಿದ ಮೇಲೂ ಪ್ರೋಗ್ರಾಂನದೇ ಫೋಲ್ಡರಿನಲ್ಲಿ ಯಾರೋ ಹಿಂದೆ ಹಾಕಿದ ಬಿಡಿ ಡಿಎಲ್ಎಲ್ ಉಳಿದಿದೆಯೇ ನೋಡಿ. ವಿಂಡೋಸ್ ಸಿಸ್ಟಮ್32ಕ್ಕೆ ಹೋಗುವ ಮೊದಲು ಅಲ್ಲೇ ಹುಡುಕುವುದರಿಂದ, ಆ ಕೆಟ್ಟ ಪ್ರತಿ ಇರುವವರೆಗೂ ಎರರ್ ಹೋಗುವುದಿಲ್ಲ.