ಬಂಡೆ ಮೇಲೆ ನೇತಾಡುವ ಲಿಂಕ್, ನೇರಳೆ ಮಾರ್ಗದಲ್ಲಿ ನಾನು: ಸ್ವಿಚ್ ಒಎಲ್‌ಇಡಿ ಜೊತೆ ನಾಲ್ಕು ವರ್ಷ

ವಿಜಯನಗರದಲ್ಲಿ ಬೆಳಿಗ್ಗೆ ಎಂಟೂಕಾಲಿಗೆ ಮೆಟ್ರೊ ಹತ್ತುತ್ತೇನೆ. ಆ ಹೊತ್ತಿನಲ್ಲಿ ಸೀಟು ಸಿಗುವ ಮಾತೇ ಇಲ್ಲ. ಬಾಗಿಲ ಪಕ್ಕದ ಗಾಜಿಗೆ ಒರಗಿ ನಿಂತು, ಬ್ಯಾಗಿನಿಂದ ಸ್ವಿಚ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ತೆಗೆದು, ಮೇಲಿನ ಚಿಕ್ಕ ಬಟನ್ ಒತ್ತಿ, ಆಮೇಲೆ ಯಾವುದಾದರೂ ಒಂದು ಬಟನ್ ಮೂರು ಸಲ ಒತ್ತಿದರೆ ಆಯಿತು. ನಿನ್ನೆ ಸಂಜೆ ಎಲ್ಲಿ ಬಿಟ್ಟಿದ್ದೆನೋ ಆಟ ಅಲ್ಲಿಂದಲೇ ಮುಂದಕ್ಕೆ ಹೋಗುತ್ತದೆ. ಜೆಲ್ಡಾ ಆಟದ ನಾಯಕ ಲಿಂಕ್ ಒಂದು ಬಂಡೆಯನ್ನು ಅರ್ಧ ಹತ್ತಿ ನೇತಾಡುತ್ತಿರುತ್ತಾನೆ. ನಾನು ಮನೆಗೆ ಹೋಗಿ, ಚಪಾತಿ ಲಟ್ಟಿಸಿ, ಮಗಳ ಹೋಮ್‌ವರ್ಕ್ ನೋಡಿ, ಮಲಗಿ ಎದ್ದು ಬರುವವರೆಗೂ ಪಾಪ ಹಾಗೇ ನೇತಾಡಿದ್ದಾನೆ.

ನಿಂಟೆಂಡೊ ಸ್ವಿಚ್‌ನ ಒಎಲ್‌ಇಡಿ ಮಾಡೆಲ್, ಅಂದರೆ ಕಪ್ಪು ಬಣ್ಣ ಗಾಢವಾಗಿ ತೋರುವ ಪರದೆಯದ್ದು, ಕೊಂಡು ನಾಲ್ಕು ವರ್ಷ ಆಗುತ್ತಾ ಬಂತು. ಅದರಲ್ಲಿ ತುಂಬಾ ಇಷ್ಟವಾದದ್ದು ಏನು ಅಂತ ಯಾರಾದರೂ ಕೇಳಿದರೆ ಆ ಚಿಕ್ಕ ಬಟನ್ ಅಂತಲೇ ಹೇಳುತ್ತೇನೆ. ಪರದೆ, ಗ್ರಾಫಿಕ್ಸ್ ಎಲ್ಲ ಆಮೇಲೆ. ಮನೆ, ಆಫೀಸು, ಮಗಳು ಇರುವವರಿಗೆ ಒಟ್ಟಿಗೆ ಎರಡು ಗಂಟೆ ಬಿಡುವು ಎಲ್ಲಿ ಸಿಗುತ್ತದೆ? ಇಲ್ಲಿ ಹತ್ತು ನಿಮಿಷ, ಅಲ್ಲಿ ಇಪ್ಪತ್ತು ನಿಮಿಷ. ಆ ಚೂರುಪಾರು ಹೊತ್ತಿಗೆ ಯಾವ ಆಟ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಅನ್ನುವುದೇ ನನ್ನ ಅಳತೆಗೋಲು. ಬೇರೆ ವಿಮರ್ಶೆಗಳಲ್ಲಿ ಒಳ್ಳೆಯ ಅಂಕ ಬಿದ್ದ ಆಟವನ್ನು ನಾನು ಇಲ್ಲಿ ಬೈದರೆ ಬೇಜಾರು ಮಾಡಿಕೊಳ್ಳಬೇಡಿ.

ಹಾಗೆ ನೋಡಿದರೆ ನಾನು ದೊಡ್ಡ ಆಟಗಾರ್ತಿಯೇನಲ್ಲ. ಚಿಕ್ಕವಳಿದ್ದಾಗ ಕಡಲೆಕಾಯಿ ಪರಿಷೆಯಲ್ಲಿ ಅಪ್ಪ ಒಂದು ಬ್ರಿಕ್ ಗೇಮ್ ಕೊಡಿಸಿದ್ದರು. ಡಬ್ಬದ ಮೇಲೆ 9999 ಆಟ ಅಂತ ಬರೆದಿತ್ತು. ನಿಜಕ್ಕೂ ಇದ್ದದ್ದು ಹತ್ತೋ ಹನ್ನೆರಡೋ. ಉಳಿದದ್ದೆಲ್ಲ ಅದೇ ಆಟ, ವೇಗ ಮಾತ್ರ ಬೇರೆ. ಇಟ್ಟಿಗೆ ಜೋಡಿಸುವ ಆ ಆಟವನ್ನು 1984ರಲ್ಲಿ ರಷ್ಯಾದ ಅಲೆಕ್ಸಿ ಪಜಿಟ್ನೊವ್ ಮಾಡಿದ್ದು, ಅದರ ಹೆಸರು ಟೆಟ್ರಿಸ್ ಅಂತೆಲ್ಲ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ನಿಂಟೆಂಡೊದ ಗೇಮ್ ಬಾಯ್ 1989ರಲ್ಲಿ ಬಂದಾಗ ಅಮೆರಿಕದಲ್ಲಿ ಅದರ ಜೊತೆ ಟೆಟ್ರಿಸ್ ಕೊಟ್ಟೇ ಮಾರಿದರು. ಅದನ್ನು ರೂಪಿಸಿದ ಗುನ್‌ಪೇ ಯೊಕೊಯಿ ಅವರದು ಒಂದು ಹಟ ಇತ್ತು: ಹಳೆಯದಾಗಿ ಅಗ್ಗವಾದ ತಂತ್ರಜ್ಞಾನ ತೆಗೆದುಕೊಂಡು ಹೊಸ ಆಟ ಮಾಡಬೇಕು. ಎದುರಾಳಿಗಳು ಬಣ್ಣದ ಪರದೆ ಕೊಟ್ಟರೂ ಬ್ಯಾಟರಿ ಬೇಗ ಮುಗಿಯುತ್ತಿತ್ತು. ಇವರ ಮಂಕು ಪರದೆಯದೇ ಗೆದ್ದಿತು. ಸ್ವಿಚ್ ಕೂಡ ಆ ಮನೆತನದ್ದೇ. ಕೈಯಲ್ಲಿ ಹಿಡಿದು ಆಡುವಾಗ ಪರದೆಯ ಸ್ಪಷ್ಟತೆ 720ಪಿ ಅಷ್ಟೇ. ನಿಮ್ಮ ಫೋನಿನದು ಇದಕ್ಕಿಂತ ಚೆನ್ನಾಗಿರುತ್ತದೆ.

ಕೊಳ್ಳುವ ಕಥೆ ಬೇಗ ಹೇಳಿ ಮುಗಿಸುತ್ತೇನೆ. ನಿಂಟೆಂಡೊ ನಮ್ಮ ದೇಶದಲ್ಲಿ ಸ್ವಿಚ್ ಅನ್ನು ಅಧಿಕೃತವಾಗಿ ಮಾರಿಲ್ಲ. ಹಾಗಾಗಿ ಹೊರದೇಶದಿಂದ ಬರುವ ನೆಂಟರಿಗೆ ಹೇಳಬೇಕು, ಇಲ್ಲಾ ಮೆಜೆಸ್ಟಿಕ್ ಕಡೆಯ ನ್ಯಾಷನಲ್ ಮಾರ್ಕೆಟ್‌ನಂಥ ಜಾಗದಲ್ಲಿ ಚೌಕಾಸಿ ಮಾಡಬೇಕು. ನಾನು ಎರಡನೆಯದನ್ನು ಮಾಡಿದೆ. 30,000ದ ಆಸುಪಾಸು ಆಯಿತು. ವಾರಂಟಿ ಅಂತ ಕೇಳಿದ್ದಕ್ಕೆ ಅಂಗಡಿಯವರು ಒಂದು ಚಹಾ ಕೊಟ್ಟರು, ಅಷ್ಟೇ. ಚಾರ್ಜರ್ ಪಿನ್ನು ಚಪ್ಪಟೆ, ಅದಕ್ಕೊಂದು ಅಡಾಪ್ಟರ್ ಬೇಕು. ಬೇರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 128 ಜಿಬಿ ಮೆಮೊರಿ ಕಾರ್ಡ್ ತಂದೆ. 30 ಜಿಬಿ ತುಂಬುವಷ್ಟರಲ್ಲಿ ಇಳಿಸಿಕೊಂಡ ಆಟಗಳೆಲ್ಲ ಕೆಟ್ಟು ಕೂತವು. ಕಾರ್ಡ್ ನಕಲಿ. ಅದೊಂದನ್ನು ಮಾತ್ರ ದಯವಿಟ್ಟು ಬಿಲ್ ಕೊಡುವ ಕಡೆಯೇ ಕೊಳ್ಳಿ. ಸ್ವಿಚ್‌ನ ಒಳಗೆ ಇರುವುದು 64 ಜಿಬಿ, ನಾಲ್ಕೈದು ದೊಡ್ಡ ಆಟಕ್ಕೆ ಮುಗಿದುಹೋಗುತ್ತದೆ.

ಆಟದ ಕಾರ್ಡುಗಳು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲಿ ಅಂತ ಅದಕ್ಕೆ ಡೆನಾಟೋನಿಯಂ ಬೆಂಜೋಯೇಟ್ ಅನ್ನುವ ಕಹಿ ಸವರಿರುತ್ತಾರೆ. ಮಗಳಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ನಿಜಾನಾ ಅಂತ ನೋಡಲು ನೆಕ್ಕಿದಳು. ಹಾಗಲಕಾಯಿ ಗೊಜ್ಜು ತಿನ್ನು ಅಂದರೆ ಈಗ 'ಕಾರ್ಡ್‌ಗಿಂತ ವಾಸಿ' ಅಂತ ತಿನ್ನುತ್ತಾಳೆ.

ಈಗ ದಾರಿಗೆ ಬರೋಣ. ಕೊಂಡ ಹೊಸತರಲ್ಲಿ ಮೆಟ್ರೊ ಬೈಯಪ್ಪನಹಳ್ಳಿಗೇ ನಿಲ್ಲುತ್ತಿತ್ತು. ಅಲ್ಲಿಂದ ವೈಟ್‌ಫೀಲ್ಡ್ ಕಡೆಗೆ ಬಸ್ಸು. ಬಸ್ಸಿನಲ್ಲಿ ಒಂದು ಕೈ ಕಂಬಿಗೆ ಬೇಕು, ಆಟ ಬಂದ್. 2023ರ ಅಕ್ಟೋಬರ್‌ನಲ್ಲಿ ಕೆ.ಆರ್.ಪುರದವರೆಗಿನ ತುಂಡು ತೆರೆದು ಇಡೀ ನೇರಳೆ ಮಾರ್ಗ ಒಂದಾದ ಮೇಲೆ ಪಟ್ಟಂದೂರು ಅಗ್ರಹಾರದವರೆಗೆ ನನಗೆ ಒಂದು ಗಂಟೆಗಿಂತ ಜಾಸ್ತಿ ಆಟ ಸಿಗುತ್ತದೆ. 7 ಇಂಚಿನ ಒಎಲ್‌ಇಡಿ ಪರದೆಯ ಚೆಂದ ನೋಡಬೇಕೆಂದರೆ ಸಿಟಿ ರೈಲ್ವೆ ನಿಲ್ದಾಣದಿಂದ ಕಬ್ಬನ್ ಪಾರ್ಕ್‌ವರೆಗಿನ ಸುರಂಗದಲ್ಲಿ ನೋಡಬೇಕು. ಕಪ್ಪು ಅಂದರೆ ಕಾಡಿಗೆಯ ಕಪ್ಪು. ಎಂ.ಜಿ. ರೋಡ್ ಹತ್ತಿರ ರೈಲು ಮೇಲಕ್ಕೆ ಬಂದು ಬಿಸಿಲು ಹೊಡೆಯಿತೋ, ಗುಹೆಯೊಳಗಿನ ರಾಕ್ಷಸ ಮಾಯವಾಗಿ ಪರದೆಯಲ್ಲಿ ನನ್ನ ಮುಖವೇ ಕಾಣಿಸುತ್ತದೆ. ಯಾವುದು ಹೆಚ್ಚು ಭಯಾನಕ ಅಂತ ಕೇಳಬೇಡಿ.

ಬ್ಯಾಟರಿ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ಜೆಲ್ಡಾ ಆಡಿದರೆ ನನಗೆ ಈಗ ನಾಲ್ಕು ಗಂಟೆ. ಹೋಗಿಬರುವುದಕ್ಕೆ ಧಾರಾಳ ಸಾಕು. ಮೆಟ್ರೊದಲ್ಲಿ ಜೋರಾಗಿ ಸೌಂಡ್ ಇಡುವಂತಿಲ್ಲ, ಇಡಲೂಬಾರದು. ಇಯರ್‌ಫೋನ್ ಚುಚ್ಚುವ ತೂತು ಇದೆ. 2021ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಿಂದ ಬ್ಲೂಟೂತ್ ಕೂಡ ಕೆಲಸ ಮಾಡುತ್ತದೆ. ತೂಕ ಎರಡೂ ಬದಿಗೆ ಸಿಕ್ಕಿಸುವ ಬಟನ್ ಹಿಡಿಕೆಗಳು, ಅಂದರೆ ಜಾಯ್-ಕಾನ್ ಸೇರಿ 420 ಗ್ರಾಂ. ನಿಂತುಕೊಂಡು ಅರ್ಧ ಗಂಟೆ ಹಿಡಿದರೆ ಮಣಿಕಟ್ಟು ಹೇಳಿಬಿಡುತ್ತದೆ. ಒಬ್ಬರೇ ಆಡುವವರು, ಟಿವಿಗೆ ಜೋಡಿಸಿ ಆಡುವ ಆಸೆ ಇಲ್ಲದವರು 275 ಗ್ರಾಂನ ಸ್ವಿಚ್ ಲೈಟ್ ನೋಡಬಹುದು.

ಇನ್ನು ಆಟಗಳು. 'ಬ್ರೆತ್ ಆಫ್ ದಿ ವೈಲ್ಡ್' 2017ರ ಜೆಲ್ಡಾ. ಇಷ್ಟು ದೊಡ್ಡ ಆಟ ಚೂರು ಹೊತ್ತಿಗೆ ಹೊಂದುವುದಿಲ್ಲ ಅಂದುಕೊಂಡಿದ್ದೆ. ಉಲ್ಟಾ ಆಯಿತು. ಅದರಲ್ಲಿ 120 ಶ್ರೈನ್‌ಗಳಿವೆ, ಅಂದರೆ ಒಗಟು ತುಂಬಿದ ಪುಟ್ಟ ಗುಡಿಗಳು. ಒಂದೊಂದಕ್ಕೆ ಹತ್ತು ಹದಿನೈದು ನಿಮಿಷ. ಮೆಜೆಸ್ಟಿಕ್‌ನಲ್ಲಿ ಒಳಗೆ ಹೋದರೆ ಇಂದಿರಾನಗರಕ್ಕೆ ಹೊರಗೆ. ಅದೂ ಬೇಡ ಅಂದರೆ ಕೊರೊಕ್ ಬೀಜ ಹುಡುಕಬಹುದು, ಇಡೀ ನಾಡಿನಲ್ಲಿ 900 ಅಡಗಿಸಿಟ್ಟಿದ್ದಾರೆ. ಕತ್ತಿ ಮುರಿಯುತ್ತದೆ ಅಂತ ತುಂಬಾ ಜನ ಗೊಣಗುತ್ತಾರೆ. ನನಗೆ ಅದು ಬೇಜಾರಿಲ್ಲ. ಬೇಜಾರು ಮಳೆ. ಮಳೆ ಬಂದರೆ ಬಂಡೆ ಜಾರುತ್ತದೆ, ಲಿಂಕ್ ಎರಡು ಹೆಜ್ಜೆ ಹತ್ತಿ ಒಂದು ಹೆಜ್ಜೆ ಕೆಳಗೆ. ಸಂಜೆ ಐದಕ್ಕೆ ಸರಿಯಾಗಿ ಶುರುವಾಗುವ ಮಳೆ ನಮ್ಮೂರಲ್ಲೇ ಬೇಕಾದಷ್ಟಿದೆ, ದುಡ್ಡು ಕೊಟ್ಟು ಅಲ್ಲೂ ನೆನೆಯಬೇಕಾ?

'ಆನಿಮಲ್ ಕ್ರಾಸಿಂಗ್' ವಿಷಯದಲ್ಲಿ ನಾನು ಅಲ್ಪಸಂಖ್ಯಾತಳು. ಪ್ರಾಣಿಗಳ ನೆರೆಯಲ್ಲಿ ಮನೆ ಮಾಡಿಕೊಂಡು ಒಂದು ದ್ವೀಪ ನೋಡಿಕೊಳ್ಳುವ ಆಟ ಅದು. ಎಲ್ಲರೂ ಅದನ್ನು ಮನಸ್ಸಿಗೆ ಹಾಯ್ ಅನಿಸುವ ಆಟ ಅನ್ನುತ್ತಾರೆ. ಅದರ ಗಡಿಯಾರ ನಮ್ಮ ಗಡಿಯಾರದ ಜೊತೆಗೇ ಓಡುತ್ತದೆ. ಅಂಗಡಿ ರಾತ್ರಿ ಹತ್ತಕ್ಕೆ ಮುಚ್ಚುತ್ತದೆ, ನಾನು ಪಾತ್ರೆ ತೊಳೆದು ಬಂದು ಕೂರುವುದು ಹತ್ತೂ ಹತ್ತಕ್ಕೆ. ಟರ್ನಿಪ್ ಗೆಡ್ಡೆ ಮಾರುವ ಹುಡುಗಿ ಬರುವುದು ಭಾನುವಾರ ಬೆಳಿಗ್ಗೆ ಮಾತ್ರ, ಅದೂ ಹನ್ನೆರಡರೊಳಗೆ. ಎರಡು ವಾರ ಬಿಟ್ಟು ಹೋದರೆ ಕಳೆ ಬೆಳೆದಿರುತ್ತದೆ, ಮನೆಯಲ್ಲಿ ಜಿರಳೆ ಓಡಾಡುತ್ತಿರುತ್ತದೆ, ನೆರೆಯವರು 'ಎಲ್ಲಿ ಹೋಗಿದ್ರಿ' ಅಂತ ಕೇಳುತ್ತಾರೆ. ಇನ್ನೊಂದು ಸಂಸಾರ ಕಟ್ಟಿಕೊಂಡ ಹಾಗಾಯಿತು, ಅಲ್ವಾ? ಆ ಆಟದ ವ್ಯಾಪಾರಿ ಟಾಮ್ ನೂಕ್ ಬಡ್ಡಿ ಇಲ್ಲದೆ, ಗಡುವು ಇಲ್ಲದೆ ಮನೆ ಸಾಲ ಕೊಡುತ್ತಾನೆ ಅನ್ನುವುದೊಂದನ್ನು ಮಾತ್ರ ಒಪ್ಪುತ್ತೇನೆ. ನಮ್ಮೆಜಮಾನರು ಆ ಭಾಗವನ್ನು ಎರಡು ಸಲ ಓದಿಸಿ ಕೇಳಿದರು.

ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕುವ ಪೋಕೆಮಾನ್ ಆಟಗಳು ನನ್ನ ತಮ್ಮನ ಹುಚ್ಚು. ಅವನು 'ಸ್ಕಾರ್ಲೆಟ್' ತಗೋ ಅಂದ. 2022ರ ನವೆಂಬರ್‌ನಲ್ಲಿ ಅದು ಬಂದಾಗ ಚಿತ್ರ ತಡವರಿಸುತ್ತದೆ ಅಂತ ಎಲ್ಲ ಕಡೆ ಗಲಾಟೆಯಾಗಿ ಕಂಪನಿಯೇ ಕ್ಷಮೆ ಕೇಳಿತ್ತು. ನಾನು ಅದೇ ವರ್ಷದ ಜನವರಿಯದ್ದಾದ 'ಲೆಜೆಂಡ್ಸ್: ಆರ್ಸಿಯಸ್' ತೆಗೆದುಕೊಂಡೆ. ಹುಲ್ಲಿನಲ್ಲಿ ಅಡಗಿ ಕೂತು, ಹಿಂದಿನಿಂದ ಚೆಂಡು ಎಸೆದು ಹಿಡಿದುಬಿಡುವುದು. ಪ್ರತಿಸಲ ಕಾಳಗ ಬೇಕಿಲ್ಲ. ಮೆಟ್ರೊಗೆ ಹೇಳಿ ಮಾಡಿಸಿದ ಆಟ.

'ಮೆಟ್ರಾಯ್ಡ್ ಡ್ರೆಡ್' ಹೆಸರಲ್ಲಿ ಮೆಟ್ರೊ ಇದ್ದರೂ ಮೆಟ್ರೊಗೆ ಆಗುವುದಿಲ್ಲ. ಅಟ್ಟಿಸಿಕೊಂಡು ಬರುವ ರೋಬಾಟ್‌ನಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಒಂದು ಸಂಜೆ ವಿಜಯನಗರ ದಾಟಿದ್ದೇ ಗೊತ್ತಾಗಲಿಲ್ಲ. ಅತ್ತಿಗುಪ್ಪೆಯಲ್ಲಿ ಇಳಿದು ವಾಪಸ್ ಬಂದೆ. ಒಂದು ದಿನ ಬಿಟ್ಟು ತೆರೆದರೆ ಕೈಗೆ ಹತ್ತಿದ್ದ ವರಸೆಯೆಲ್ಲ ಮರೆತಿರುತ್ತದೆ. ಆಟ ಚೆನ್ನಾಗಿದೆ, ನನಗಲ್ಲ. ಕಾರ್ಡ್ ಮಾರಿಬಿಟ್ಟೆ. ನಿಂಟೆಂಡೊ ಆಟಗಳ ಬೆಲೆ ಸುಲಭಕ್ಕೆ ಇಳಿಯುವುದಿಲ್ಲ ಅನ್ನುವುದು ಕೊಳ್ಳುವಾಗ ಹೊಟ್ಟೆ ಉರಿಸುತ್ತದೆ, ಮಾರುವಾಗ ಖುಷಿ ಕೊಡುತ್ತದೆ. ಹಾಗಾಗಿ ನಾನು ಡೌನ್‌ಲೋಡ್‌ಗಿಂತ ಕಾರ್ಡೇ ಕೊಳ್ಳುವುದು.

'ಮಾರಿಯೋ ಕಾರ್ಟ್ 8 ಡಿಲಕ್ಸ್' ಬಗ್ಗೆ ಹೇಳುವಂಥದ್ದು ಕಡಿಮೆ. ಒಂದು ರೇಸು ಎರಡು ಮೂರು ನಿಮಿಷ. ಛತ್ರದಲ್ಲಿ ಊಟದ ಎರಡನೇ ಪಂಕ್ತಿಗೆ ಕಾಯುವಾಗ ಹಿಂದಿನ ಸ್ಟ್ಯಾಂಡ್ ಬಿಚ್ಚಿ ಮೇಜಿನ ಮೇಲಿಟ್ಟು, ಜಾಯ್-ಕಾನ್ ಒಂದು ನನಗೆ ಒಂದು ಮಗಳಿಗೆ. ಐದು ನಿಮಿಷಕ್ಕೆ ಸುತ್ತ ಹತ್ತು ಮಕ್ಕಳು. ಮುಂದಿದ್ದವರನ್ನೇ ಹುಡುಕಿ ಬಂದು ಬಡಿಯುವ ಆ ನೀಲಿ ಚಿಪ್ಪು ಮಾತ್ರ ಅನ್ಯಾಯ.

ಆದರೆ ನಮ್ಮ ಮನೆಯಲ್ಲಿ ಜಾಸ್ತಿ ಓಡಿದ ಆಟ ಇದ್ಯಾವುದೂ ಅಲ್ಲ. 2020ರಲ್ಲಿ ಬಂದ 'ಕ್ಲಬ್‌ಹೌಸ್ ಗೇಮ್ಸ್' ಅಂತ ಒಂದಿದೆ. ಚೆಸ್, ಇಸ್ಪೀಟು ಎಲ್ಲ ಸೇರಿ 51 ಆಟ. ಮೊದಲನೆಯದೇ ಮಂಕಾಲ. ತಿಪಟೂರಿನಿಂದ ಬಂದಿದ್ದ ಅಮ್ಮ ಒಂದು ಮಧ್ಯಾಹ್ನ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಇದು ಅಳಗುಳಿ ಮಣೆ ಅಲ್ವೇನೇ?"

"ಹೂಂ ಅಮ್ಮ, ಅದೇ ಥರದ್ದು."

ಕನ್ನಡಕ ಹಾಕಿಕೊಂಡು ಬಂದು ಎಣಿಸಿದರು. "ಎರಡು ಗುಣಿ ಕದ್ದಿದ್ದಾರಲ್ಲೇ!"

ಹೌದು. ನಮ್ಮ ಮಣೆಯಲ್ಲಿ ಒಂದೊಂದು ಕಡೆಗೆ ಏಳರಂತೆ ಹದಿನಾಲ್ಕು ಗುಣಿ. ಇದರಲ್ಲಿ ಆರಾರು, ಜೊತೆಗೆ ಗೆದ್ದ ಕಾಳು ಹಾಕಲು ತುದಿಯಲ್ಲಿ ಒಂದೊಂದು ದೊಡ್ಡ ಗುಣಿ. ಕೈಯಲ್ಲಿದ್ದದ್ದು ಮುಗಿದ ಮೇಲೆ ಮುಂದಿನ ಗುಣಿಯಿಂದ ಎತ್ತಿಕೊಂಡು ಹಂಚುತ್ತಾ ಹೋಗುವುದು ನಮ್ಮ ರೂಢಿ. ಇಲ್ಲಿ ಹಾಗಿಲ್ಲ, ಕೊನೆಯ ಕಾಳು ನಿಮ್ಮ ದೊಡ್ಡ ಗುಣಿಗೆ ಬಿದ್ದರೆ ಇನ್ನೊಂದು ಸರದಿ. "ಇದ್ಯಾವ ಸೀಮೆ ಆಟ" ಅಂತ ಮೂರು ದಿನ ಬೈದರು. ನಾಲ್ಕನೇ ದಿನ ಪರದೆ ಮುಟ್ಟಿ ತಾವೇ ಆಡುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಮಗಳನ್ನು ಸೋಲಿಸಿ, ಯಂತ್ರವನ್ನು ಸೋಲಿಸಿ, ಯಂತ್ರ ಮೋಸ ಮಾಡುತ್ತದೆ ಅಂತ ಆರೋಪ ಬೇರೆ. ಹುಣಸೆ ಬೀಜ ಬೀಳುವ ಸದ್ದು ಇದರಲ್ಲಿ ಸರಿಯಾಗಿಲ್ಲ ಅನ್ನುವುದು ಅವರ ಕೊನೆಯ ತೀರ್ಪು. ನಾನೂ ಅದನ್ನು ಒಪ್ಪುತ್ತೇನೆ.

ನಮ್ಮ ಕಡೆಯದ್ದು ಅನ್ನಿಸುವ ಇನ್ನೊಂದು ಆಟ 'ರಾಜಿ'. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರದು, 2020ರ ಆಗಸ್ಟ್‌ನಲ್ಲಿ ಮೊದಲು ಸ್ವಿಚ್‌ಗೇ ಬಂತು. ಅಸುರರು ಎತ್ತಿಕೊಂಡು ಹೋದ ತಮ್ಮನನ್ನು ಹುಡುಕಿ ಅಕ್ಕ ಹೊರಡುತ್ತಾಳೆ. ಕಥೆಯ ತುಣುಕುಗಳನ್ನು ತೊಗಲುಗೊಂಬೆಯಾಟದ ಥರ ತೋರಿಸುತ್ತಾರೆ, ಅದೇ ಅದರ ಸೊಗಸು. ಹೊಡೆದಾಟ ಅಷ್ಟಕ್ಕಷ್ಟೇ. ಚಿಕ್ಕ ಆಟ, ಒಂದು ವಾರದ ಓಡಾಟಕ್ಕೆ ಮುಗಿಯಿತು.

ಸ್ವಿಚ್ ಅಂದರೆ ಜಾಯ್-ಕಾನ್ ಸ್ಟಿಕ್ ಕೆಡುವ ವಿಷಯ ಬರಲೇಬೇಕು. ಮುಟ್ಟದೆಯೇ ಪಾತ್ರ ತಾನಾಗಿ ಒಂದು ಕಡೆಗೆ ನಡೆಯುತ್ತದೆ ಅನ್ನುವುದು ಜಗತ್ತಿಗೇ ಗೊತ್ತಿರುವ ದೂರು. 2020ರಲ್ಲಿ ನಿಂಟೆಂಡೊ ಅಧ್ಯಕ್ಷರೇ ಅದಕ್ಕೆ ಕ್ಷಮೆ ಕೇಳಿದ್ದರು. ನನ್ನದಕ್ಕೆ ಇನ್ನೂ ಬಂದಿಲ್ಲ. ಬರೆದ ಬಾಯಿಗೆ ಸಕ್ಕರೆ ಹಾಕಿಕೊಂಡಿದ್ದೇನೆ, ದೃಷ್ಟಿ ತಾಗದಿರಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಪರೀಕ್ಷಿಸುವ ಜಾಗ ತೆರೆದು, ಕೈ ಬಿಟ್ಟು ನೋಡಿ. ಚುಕ್ಕೆ ನಡುವೆ ನಿಲ್ಲದಿದ್ದರೆ ಬೆಲೆ ಇಳಿಸಿ, ಇಲ್ಲಾ ಎದ್ದು ಬನ್ನಿ.

ಆಫೀಸಿನಲ್ಲಿ ಒಬ್ಬರ ಹತ್ತಿರ ಸ್ಟೀಮ್ ಡೆಕ್ ಅನ್ನುವ ಇನ್ನೊಂದು ಕೈಗೇಮ್ ಯಂತ್ರ ಇದೆ. ಕಂಪ್ಯೂಟರ್‌ನಲ್ಲಿ ಆಡುವ ಆಟಗಳಲ್ಲಿ ತುಂಬಾ ಅದರಲ್ಲಿ ಓಡುತ್ತವೆ, ಸೇಲ್‌ನಲ್ಲಿ ಅಗ್ಗಕ್ಕೂ ಸಿಗುತ್ತವೆ. ತೂಕ 669 ಗ್ರಾಂ. ಊಟದ ಹೊತ್ತಿನಲ್ಲಿ ಹತ್ತು ನಿಮಿಷ ಹಿಡಿದು ವಾಪಸ್ ಕೊಟ್ಟೆ. ಕೂತು ಆಡುವವರಿಗೆ ಅದು. ವಿಜಯನಗರದಲ್ಲಿ ಹತ್ತುವವರಿಗಲ್ಲ.

2025ರ ಜೂನ್‌ನಲ್ಲಿ ಸ್ವಿಚ್ 2 ಬಂದಾಗಿನಿಂದ ಮಗಳು ಶುರು ಮಾಡಿದ್ದಾಳೆ. 7.9 ಇಂಚು, 1080ಪಿ, 256 ಜಿಬಿ ಅಂತ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾಳೆ. ನಾನು ನೋಡುವುದು ತೂಕ, 534 ಗ್ರಾಂ. ಬ್ಯಾಟರಿಯೂ ನನ್ನದಕ್ಕಿಂತ ಕಡಿಮೆ ಬರುತ್ತದೆ. ಮೊದಲು ಆ 900 ಕೊರೊಕ್ ಬೀಜ ಹುಡುಕಿ ಮುಗಿಸು, ಆಮೇಲೆ ನೋಡೋಣ ಅಂದಿದ್ದೇನೆ. ಹಟಕ್ಕೆ ಬಿದ್ದು ಹುಡುಕುತ್ತಿದ್ದಾಳೆ. ನಿನ್ನೆಗೆ 212 ಆಗಿದೆ. ಎಲ್ಲ ಸಿಕ್ಕಮೇಲೆ ಆಟದಲ್ಲಿ ಕೊಡುವ ಬಹುಮಾನ ಚಿನ್ನದ ಬಣ್ಣದ ಒಂದು ಕಕ್ಕದ ಗುಪ್ಪೆ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ.