ಬೇಸಿಗೆಯ ಮುನ್ನೋಟ: ಝಳ ಬಲ್ಲದು, ಸೆಕೆ ಅರಿಯದು

ಫೆಬ್ರುವರಿ ಮುಗಿಯುವ ಹೊತ್ತಿಗೆ ಭಾರತೀಯ ಹವಾಮಾನ ಇಲಾಖೆ ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯ ಮುನ್ನೋಟವನ್ನು ಪ್ರಕಟಿಸುತ್ತದೆ. ಮಾರ್ಚ್ ಕೊನೆಗೆ ಅದನ್ನೇ ಪರಿಷ್ಕರಿಸಿ ಏಪ್ರಿಲ್‌ನಿಂದ ಜೂನ್‌ವರೆಗಿನ ಇನ್ನೊಂದನ್ನು ಕೊಡುತ್ತದೆ. 2016ರಲ್ಲಿ ಆರಂಭವಾದ ಈ ಸೇವೆಗೆ ನಾನು ಹಲವು ವರ್ಷಗಳಿಂದ ಖಾಯಂ ಗಿರಾಕಿ. ನಮ್ಮ ಮನೆ ಇರುವುದು ಉಡುಪಿಯ ಕಡೆ, ಅಕ್ಕನನ್ನು ಕೊಟ್ಟಿರುವುದು ರಾಯಚೂರಿಗೆ. ಅಡಿಕೆ ಒಣಗಿಸುವುದು, ಹಪ್ಪಳ–ಸಂಡಿಗೆ ಮಾಡುವುದು, ರಜೆಯಲ್ಲಿ ಮಕ್ಕಳನ್ನು ಯಾವ ಮನೆಗೆ ಯಾವಾಗ ಕಳಿಸುವುದು ಎಂಬ ಲೆಕ್ಕಾಚಾರಗಳೆಲ್ಲ ನಮ್ಮಲ್ಲಿ ಈ ಮುನ್ನೋಟ ಬಂದ ಮೇಲೆ ಶುರುವಾಗುತ್ತವೆ. ಹಣ ಕೊಡಬೇಕಾಗಿಲ್ಲದ ಸೇವೆ ಎಂಬ ಕಾರಣಕ್ಕೆ ಅದನ್ನು ತೂಗಿ ನೋಡಬಾರದು ಎಂದೇನಿಲ್ಲವಾದ್ದರಿಂದ, ಕರಾವಳಿ ಮತ್ತು ಒಳನಾಡು ಎರಡರಲ್ಲೂ ಅದನ್ನು ಬಳಸಿ ಕಂಡದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲಿಗೆ, ಇದು ಏನಲ್ಲ ಎಂಬುದನ್ನು ಹೇಳಬೇಕು. ಏಪ್ರಿಲ್ 20ರಂದು ರಾಯಚೂರಿನಲ್ಲಿ ಎಷ್ಟು ಡಿಗ್ರಿ ಇರುತ್ತದೆ ಎಂದು ಇದು ಹೇಳುವುದಿಲ್ಲ. ಮೂರು ತಿಂಗಳ ಸರಾಸರಿ ಉಷ್ಣಾಂಶ ವಾಡಿಕೆಗಿಂತ ಹೆಚ್ಚಿರುವ, ವಾಡಿಕೆಯಷ್ಟೇ ಇರುವ ಅಥವಾ ಕಡಿಮೆ ಇರುವ ಸಂಭವನೀಯತೆ ಎಷ್ಟು ಎಂಬುದನ್ನು ಬಣ್ಣದ ನಕ್ಷೆಯಲ್ಲಿ ತೋರಿಸುತ್ತದೆ. ಇಲ್ಲಿ ವಾಡಿಕೆ ಎಂದರೆ 1991ರಿಂದ 2020ರವರೆಗಿನ 30 ವರ್ಷಗಳ ಸರಾಸರಿ. ನಕ್ಷೆಯಲ್ಲಿ ಗಾಢ ಕೆಂಪು ಕಂಡರೆ ಅಲ್ಲಿ ಬಿಸಿಲು ಭೀಕರವಾಗಿರುತ್ತದೆ ಎಂದು ಟಿ.ವಿ.ಯವರು ಓದಿಬಿಡುತ್ತಾರೆ, ಆದರೆ ಆ ಗಾಢತೆ ವಾಡಿಕೆ ಮೀರುವ ಸಂಭವ ಎಷ್ಟು ಬಲವಾಗಿದೆ ಎಂಬುದನ್ನು ಸೂಚಿಸುತ್ತದೆಯೇ ಹೊರತು, ಎಷ್ಟು ಡಿಗ್ರಿ ಮೀರುತ್ತದೆ ಎಂಬುದನ್ನಲ್ಲ. ಅರ್ಧ ಡಿಗ್ರಿ ಮೀರಿದರೂ ಆ ಬಣ್ಣ ಸುಳ್ಳಾಗುವುದಿಲ್ಲ. ಇದನ್ನು ಅರಿಯದೆ ಮುನ್ನೋಟವನ್ನು ಬೈಯುವವರೂ ಹೊಗಳುವವರೂ ಒಂದೇ ತಪ್ಪು ಮಾಡುತ್ತಿರುತ್ತಾರೆ.

ಒಳನಾಡಿನ ಮಟ್ಟಿಗೆ ಈ ಸೇವೆಯ ಅತ್ಯುತ್ತಮ ವರ್ಷವೆಂದು ನಾನು 2024ನ್ನು ಹೆಸರಿಸುತ್ತೇನೆ. ಆ ವರ್ಷದ ಏಪ್ರಿಲ್ 1ರ ಮುನ್ನೋಟದಲ್ಲಿ, ಸಾಮಾನ್ಯವಾಗಿ 4ರಿಂದ 8 ದಿನ ಬೀಸುವ ಬಿಸಿಗಾಳಿ ದೇಶದ ಬಯಲು ಪ್ರದೇಶಗಳ ಹಲವೆಡೆ 10ರಿಂದ 20 ದಿನ ಬೀಸಬಹುದು ಎಂದಿತ್ತು. ಹೆಚ್ಚು ಬಾಧೆಗೊಳಗಾಗುವ ಪ್ರದೇಶಗಳ ಸಾಲಿನಲ್ಲಿ ಗುಜರಾತ್ ಮತ್ತು ಮಧ್ಯ ಮಹಾರಾಷ್ಟ್ರದ ಜೊತೆಗೆ ಉತ್ತರ ಕರ್ನಾಟಕದ ಹೆಸರೂ ಇತ್ತು. ಮುಂದೆ ಆದದ್ದೂ ಹಾಗೆಯೇ. ರಾಯಚೂರು–ಕಲಬುರಗಿಗಳ ಮಾತು ಬಿಡಿ, ಬೆಂಗಳೂರಿನಲ್ಲೇ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಗಿ, 2016ರ ಏಪ್ರಿಲ್‌ನ 39.2 ಡಿಗ್ರಿಯ ದಾಖಲೆಯ ಸಮೀಪಕ್ಕೆ ಹೋಯಿತು. ಅದಕ್ಕೂ ಹಿಂದಿನ, ಮಾರ್ಚ್‌ನಿಂದ ಮೇವರೆಗಿನ ಮುನ್ನೋಟವನ್ನು ನಂಬಿದ್ದ ಅಕ್ಕ ಮಾರ್ಚ್‌ನಲ್ಲೇ ತಾರಸಿಗೆ ಸುಣ್ಣ ಬಳಿಸಿ, ಮನೆಯಲ್ಲಿ ನಡೆಯಬೇಕಿದ್ದ ಒಂದು ಕಾರ್ಯವನ್ನು ಯುಗಾದಿಗೂ ಮೊದಲೇ ಮುಗಿಸಿದ್ದಳು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಗೆಂದು ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ಅಂಥ ಊರಿನವರಿಗೆ ಮುನ್ನೋಟವೆಂದರೆ ಕುತೂಹಲದ ಓದಲ್ಲ, ದಿನಚರಿಯ ಪ್ರಶ್ನೆ.

2025 ಇದಕ್ಕೆ ವಿರುದ್ಧವಾದ ಪಾಠ ಕಲಿಸಿತು. ಮಾರ್ಚ್ ಕೊನೆಯ ಮುನ್ನೋಟದಲ್ಲಿ, ಬಿಸಿಗಾಳಿಯ ದಿನಗಳು ಹೆಚ್ಚಬಹುದಾದ ಪ್ರದೇಶಗಳ ಪಟ್ಟಿಯಲ್ಲಿ ಕರ್ನಾಟಕದ ಉತ್ತರ ಭಾಗ ಮತ್ತೆ ಕಾಣಿಸಿಕೊಂಡಿತ್ತು. ಆದರೆ ಮೇ ತಿಂಗಳು ಮಳೆಯಲ್ಲೇ ಕಳೆಯಿತು: ದೇಶದಾದ್ಯಂತ ಸರಾಸರಿ 126.7 ಮಿ.ಮೀ. ಮಳೆ ಸುರಿದು, 1901ರಿಂದ ಈಚೆಗೆ ಅತಿ ಹೆಚ್ಚು ಮಳೆ ಕಂಡ ಮೇ ಎನಿಸಿತು. ವಾಡಿಕೆಯಂತೆ ಜೂನ್ 1ಕ್ಕೆ ಕೇರಳಕ್ಕೆ ಬರಬೇಕಿದ್ದ ಮುಂಗಾರು ಮೇ 24ಕ್ಕೇ ಬಂದಿತು. ಇಲಾಖೆಯ ಪರವಾಗಿ ಒಂದು ಮಾತನ್ನು ಹೇಳಲೇಬೇಕು: ಏಪ್ರಿಲ್ ಕೊನೆಯಲ್ಲಿ ಪ್ರಕಟವಾದ ಮೇ ತಿಂಗಳ ಮುನ್ನೋಟದಲ್ಲಿ ಮಳೆ ವಾಡಿಕೆಯನ್ನು ಮೀರಬಹುದೆಂಬ ಸೂಚನೆ ಇತ್ತು, ಮತ್ತು ಮುಂಗಾರಿನ ಆಗಮನಕ್ಕೆ ಕೊಟ್ಟಿದ್ದ ಮೇ 27ರ ದಿನಾಂಕ, ಅದಕ್ಕಿದ್ದ ನಾಲ್ಕು ದಿನಗಳ ಹಿಂದುಮುಂದಿನೊಳಗೇ ಸರಿಹೋಯಿತು. ಅಂದರೆ ಮಾರ್ಚ್‌ನಲ್ಲಿ ಕಂಡ ನಕ್ಷೆಯನ್ನು ಮೇವರೆಗೆ ಹಿಡಿದುಕೊಂಡು ಕೂತವನು ಮೋಸ ಹೋದ. ತಿಂಗಳ ಪರಿಷ್ಕರಣೆಯನ್ನೂ, ಪ್ರತಿ ಗುರುವಾರ ಹೊರಬರುವ ಮುಂದಿನ ನಾಲ್ಕು ವಾರಗಳ ಮುನ್ಸೂಚನೆಯನ್ನೂ ನೋಡುತ್ತಿದ್ದವನು ಸಕಾಲಕ್ಕೆ ಎಚ್ಚೆತ್ತ. ಈ ಗುರುವಾರದ ಸೇವೆಯ ಬಗ್ಗೆ ಪತ್ರಿಕೆಗಳು ಬರೆಯುವುದು ತೀರ ಕಡಿಮೆ; ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಯುಕ್ತವಾದದ್ದು ಅದೇ.

ಕರಾವಳಿಗೆ ಬಂದಾಗ ನನ್ನ ತಕರಾರು ಶುರುವಾಗುತ್ತದೆ. ಬಯಲಿನಲ್ಲಿ ಬಿಸಿಗಾಳಿ ಎಂದು ಘೋಷಿಸಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ ವಾಡಿಕೆಯನ್ನು 4.5 ಡಿಗ್ರಿಯಷ್ಟಾದರೂ ಮೀರಿರಬೇಕು, ಇಲ್ಲವೇ 45 ಡಿಗ್ರಿಯನ್ನೇ ತಲುಪಿರಬೇಕು. ಕರಾವಳಿಗೆ ರಿಯಾಯಿತಿಯಾಗಿ 40ರ ಬದಲು 37 ಡಿಗ್ರಿ ಎಂದಿಟ್ಟಿದ್ದಾರೆ, ಆದರೆ 4.5 ಡಿಗ್ರಿಯ ಷರತ್ತು ಹಾಗೆಯೇ ಇದೆ. ಈ ಅಳತೆಗೋಲನ್ನು ನಮ್ಮ ಕಡಲತೀರಕ್ಕೆ ಹಿಡಿದರೆ ವಿಚಿತ್ರವೊಂದು ಕಾಣುತ್ತದೆ. ಫೆಬ್ರುವರಿ–ಮಾರ್ಚ್‌ನಲ್ಲಿ ಒಳನಾಡಿನಿಂದ ಬೀಸುವ ಒಣ ಮೂಡಗಾಳಿ ಘಟ್ಟ ಇಳಿಯುತ್ತ ಮತ್ತಷ್ಟು ಕಾಯುತ್ತದೆ, ಮಧ್ಯಾಹ್ನ ಮೇಲೇಳಬೇಕಾದ ಕಡಲಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಆಗ ಕಾರವಾರ, ಹೊನ್ನಾವರ, ಪಣಂಬೂರುಗಳಲ್ಲಿ ಪಾದರಸ ಸರ್ರನೆ ಏರುತ್ತದೆ. ದೇಶದ ಮಟ್ಟಿಗೆ 1901ರಿಂದ ಈಚಿನ ಅತಿ ಬೆಚ್ಚಗಿನ ಫೆಬ್ರುವರಿ ಎನಿಸಿದ 2025ರ ಆ ತಿಂಗಳ ಕೊನೆಯ ವಾರದಲ್ಲಿ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಬಂದದ್ದು ಹೀಗೆ. ಏಪ್ರಿಲ್ ಬರುವಷ್ಟರಲ್ಲಿ ಕಡಲಗಾಳಿ ಬಲಗೊಂಡು ಪಾದರಸವನ್ನು 34ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಅಳತೆಗೋಲಿನ ಪ್ರಕಾರ ಅದು ಬಿಸಿಗಾಳಿಯೇ ಅಲ್ಲ. ಆದರೆ ಕರಾವಳಿಯವರು ಬೇಸಿಗೆ ಎಂದು ಕರೆಯುವುದು ಆ ದಿನಗಳನ್ನೇ.

ಒಳನಾಡಿನವರು ಬಿಸಿಲಿನ ಝಳ ಎನ್ನುವುದೂ ನಾವು ಸೆಕೆ ಎನ್ನುವುದೂ ಒಂದೇ ಅಲ್ಲ. ಝಳದಿಂದ ನೆರಳಿಗೆ ಓಡಬಹುದು; ಸೆಕೆ ನೆರಳಿಗೂ, ಫ್ಯಾನಿನ ಕೆಳಗೂ, ರಾತ್ರಿ ಎರಡು ಗಂಟೆಗೂ ಬೆನ್ನು ಬಿಡುವುದಿಲ್ಲ. ಬೆವರು ಆರಿದರೆ ಮಾತ್ರ ದೇಹ ತಣಿಯುತ್ತದೆ, ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. 34 ಡಿಗ್ರಿ ಉಷ್ಣಾಂಶಕ್ಕೆ ಶೇಕಡಾ 70ರಷ್ಟು ಆರ್ದ್ರತೆ ಸೇರಿದರೆ ದೇಹಕ್ಕೆ ಅದು 45 ಡಿಗ್ರಿಗೂ ಮೇಲಿನ ಬಿಸಿಯಂತೆ ಭಾಸವಾಗುತ್ತದೆ ಎಂದು ಶಾಖ ಸೂಚ್ಯಂಕದ ಲೆಕ್ಕ ಹೇಳುತ್ತದೆ. ಅದೇ ರಾಯಚೂರಿನ ಒಣ ಹವೆಯಲ್ಲಿ 40 ಡಿಗ್ರಿ ಎಂದರೆ ಹೆಚ್ಚುಕಡಿಮೆ 40ರಂತೆಯೇ ಇರುತ್ತದೆ. ಅಕ್ಕ ಪ್ರತಿ ವರ್ಷ ಫೋನಿನಲ್ಲಿ ‘ಅಷ್ಟೇನಾ ನಿಮ್ಮಲ್ಲಿ, ಮೂವತ್ನಾಕಾ?’ ಎಂದು ನಗುತ್ತಿದ್ದಳು. ಒಂದು ಏಪ್ರಿಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದವಳು, ನಾಲ್ಕು ರಾತ್ರಿ ಚಾವಡಿಯ ನೆಲದ ಮೇಲೆ ಹೊರಳಾಡಿ, ಐದನೆಯ ದಿನ ಬೆಳಗಿನ ಬಸ್ಸಿಗೇ ಹೊರಟುಬಿಟ್ಟಳು.

ಇಲಾಖೆಗೆ ಇದು ಗೊತ್ತಿಲ್ಲವೆಂದಲ್ಲ. 2023ರ ಏಪ್ರಿಲ್‌ನಿಂದ ಪ್ರಾಯೋಗಿಕವಾಗಿ ಶಾಖ ಸೂಚ್ಯಂಕವನ್ನು ಕೊಡುತ್ತಿದೆ. ದೈನಂದಿನ ಎಚ್ಚರಿಕೆಗಳಲ್ಲಿ ಬಿಸಿ ಮತ್ತು ಆರ್ದ್ರ ವಾತಾವರಣ ಎಂಬ ಪ್ರತ್ಯೇಕ ವರ್ಗವೇ ಇದೆ. ಆದರೆ ಋತುವಿನ ಮುನ್ನೋಟಕ್ಕೆ ಬಂದಾಗ ನಮ್ಮ ಮುಂದೆ ಬರುವುದು ಗರಿಷ್ಠ ಉಷ್ಣಾಂಶ, ಕನಿಷ್ಠ ಉಷ್ಣಾಂಶ, ಬಿಸಿಗಾಳಿಯ ದಿನಗಳು ಮತ್ತು ಮಳೆ ಮಾತ್ರ. ಸದ್ಯಕ್ಕೆ ಕರಾವಳಿಯ ಓದುಗರಿಗೆ ನನ್ನ ಸಲಹೆ, ಎಲ್ಲರೂ ದಾಟಿ ಹೋಗುವ ಕನಿಷ್ಠ ಉಷ್ಣಾಂಶದ ನಕ್ಷೆಯನ್ನೇ ಮೊದಲು ನೋಡಬೇಕು ಎಂಬುದು. ರಾತ್ರಿಯ ಉಷ್ಣಾಂಶ ವಾಡಿಕೆಗಿಂತ ಹೆಚ್ಚಿರುವ ಸಂಭವ ಬಲವಾಗಿದ್ದರೆ ಸೆಕೆಯ ವರ್ಷವೆಂದು ನಾನು ತಿಳಿಯುತ್ತೇನೆ.

ಇನ್ನೊಂದು ಕೊರತೆ ಹರವಿನದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದೇಶದ 36 ಉಪವಿಭಾಗಗಳ ಪೈಕಿ ಕರ್ನಾಟಕಕ್ಕೆ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಇದರಿಂದ ಕೊಡಗೂ ಚಿತ್ರದುರ್ಗವೂ ಒಂದೇ ಚೀಲದೊಳಗೆ ಬಿದ್ದಿವೆ. ಕಾಫಿ ತೋಟದವರಿಗೆ ಮಾರ್ಚ್–ಏಪ್ರಿಲ್‌ನಲ್ಲಿ ಒಂದಿಂಚಿನಷ್ಟು ಹೂಮಳೆ, ಅದಾಗಿ ಕೆಲವು ವಾರಗಳಲ್ಲಿ ಇನ್ನೊಂದು ಹದಮಳೆ ಬಿದ್ದರೆ ವರ್ಷ ಗೆದ್ದಂತೆ; ಅವರ ಈ ಪ್ರಶ್ನೆಗೆ ಮೂರು ತಿಂಗಳ ಸರಾಸರಿಯಲ್ಲಿ ಉತ್ತರವೇ ಇಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಕಾಯುವ ರೈತನಿಗೂ ಇಲ್ಲ. ಈ ತೆರವನ್ನು ಒಂದು ಮಟ್ಟಿಗೆ ತುಂಬುವುದು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳು, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳು ಇರುವ ಈ ಸಂಸ್ಥೆಯ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಋತುವಿನ ಮುನ್ನೋಟದ ಪ್ರಕಟಣೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ. ಸುದ್ದಿಮನೆಯ ಅವಸರದ ಅನುವಾದದಲ್ಲಿ ಸಂಭವನೀಯತೆ ಎಂಬ ಮಾತೇ ಮಾಯವಾಗಿ, ಆಗಬಹುದು ಎಂದಿದ್ದದ್ದು ಆಗಲಿದೆ ಎಂದಾಗುತ್ತದೆ.

ದಿನದ ಮುನ್ಸೂಚನೆಯ ಕನ್ನಡ ಪರವಾಗಿಲ್ಲ, ಆದರೆ ಓದುವ ಬಗೆ ತಿಳಿದಿರಬೇಕು. ‘ಒಂದೆರಡು ಕಡೆಗಳಲ್ಲಿ ಮಳೆ’ ಎಂದರೆ ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ, ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಎಂದರೆ ಶೇ 51ರಿಂದ 75, ‘ಬಹುತೇಕ ಎಲ್ಲ ಕಡೆ’ ಎಂದರೆ ಅದಕ್ಕೂ ಮೇಲೆ. ಸಡಿಲವಾಗಿ ಕಾಣುವ ಈ ಮಾತುಗಳಿಗೆ ಇಷ್ಟು ಬಿಗಿಯಾದ ಅರ್ಥವಿದೆ ಎಂದು ತಿಳಿಯುವ ಮೊದಲು ನಾನು ಖಾಸಗಿ ಆ್ಯಪ್ ಒಂದನ್ನು ನೆಚ್ಚಿಕೊಂಡಿದ್ದೆ. ಗಂಟೆಗಂಟೆಗೆ ಸೂರ್ಯನ ಚಿತ್ರ ತೋರಿಸುತ್ತಿದ್ದ ಅದು, ಏಪ್ರಿಲ್‌ನ ಒಂದು ಸಂಜೆ ಘಟ್ಟದ ಕಡೆಯಿಂದ ಗುಡುಗು ಕೇಳಿಸುತ್ತಿದ್ದಾಗಲೂ ಸೂರ್ಯನನ್ನೇ ತೋರಿಸುತ್ತಿತ್ತು. ನಲವತ್ತು ದಿನ ಬಿಸಿಲು ಕಂಡು ಚಾಲಿಯಾಗಲಿದ್ದ ಅಡಿಕೆ ಅಂಗಳದಲ್ಲಿ ತೊಯ್ದು, ಅರ್ಧಕ್ಕರ್ಧ ಬೂಸ್ಟು ಹಿಡಿಯಿತು.

ಅಂದಿನಿಂದ ನಾನು ಮಾರ್ಚ್‌ನಲ್ಲಿ ಋತುವಿನ ಮುನ್ನೋಟ, ಗುರುವಾರ ನಾಲ್ಕು ವಾರಗಳದ್ದು, ಮೋಡ ಕಂಡ ದಿನ ಸಿಡಿಲಿನ ಸೂಚನೆಗೆ ‘ದಾಮಿನಿ’ ಆ್ಯಪ್ ಮತ್ತು ಮೂರು ಗಂಟೆಗಳ ಮುನ್ಸೂಚನೆ ನೋಡುತ್ತೇನೆ. ಟಾರ್ಪಾಲನ್ನು ಮಾತ್ರ ಮಾರ್ಚ್ 15ರಿಂದಲೇ ಅಂಗಳದ ಬದಿಗೆ ತಂದಿಡುತ್ತೇನೆ. ಬಯಲುಸೀಮೆಯವರು ಈ ಮುನ್ನೋಟವನ್ನು ಧಾರಾಳವಾಗಿ ನಂಬಿ ಬಳಸಬಹುದು, ಐದಕ್ಕೆ ನಾಲ್ಕು ಅಂಕ. ಕರಾವಳಿಯವರಿಗೆ ಎರಡೂವರೆ, ಅದರಲ್ಲಿ ಒಂದು ಅಂಕ ಪೂರ್ತಿಯಾಗಿ ಕನಿಷ್ಠ ಉಷ್ಣಾಂಶದ ಆ ನಕ್ಷೆಗೆ ಸಲ್ಲಬೇಕು.