ಮಠ ಮರವಾದ ಮೇಲೆ ಕೊಂಡ ಕಟರ್

ತುಮಕೂರಿನ ಗುಬ್ಬಿ ಗೇಟ್ ಹತ್ತಿರ ನಮ್ಮದೊಂದು ಪುಟ್ಟ ರೇಡಿಯಂ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ವಿನೈಲ್ ಅಂತ ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಹೊಳೆಯಲಿ ಬಿಡಲಿ, ಗಾಡಿಗೆ ಅಂಟುವ ಹಾಳೆಯೆಲ್ಲ ರೇಡಿಯಮ್ಮೇ. ಅಪ್ಪನ ಕಾಲದಲ್ಲಿ ಮೆಷಿನ್ ಇರಲಿಲ್ಲ. ಹಾಳೆಯ ಹಿಂಬದಿಗೆ ಪೆನ್ಸಿಲ್‌ನಲ್ಲಿ ಅಕ್ಷರಗಳನ್ನು ಉಲ್ಟಾ ಬರೆದು, ಬ್ಲೇಡಿನಲ್ಲಿ ಕೊಯ್ದು ಅಂಟಿಸುತ್ತಿದ್ದರು.

ಈ ಕಸುಬಿಗೆ ಎರಡು ಸಲ ಪೆಟ್ಟು ಬಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಬೇಡ ಅಂದಿತು, ಸನ್ ಫಿಲ್ಮ್ ಕೆಲಸ ನಿಂತಿತು. ಆಮೇಲೆ ನಂಬರ್ ಪ್ಲೇಟು ಬರೆಯುವ ಕೆಲಸ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳು ಎಚ್‌ಎಸ್‌ಆರ್‌ಪಿ, ಅಂದರೆ ನಂಬರ್ ಉಬ್ಬಿಸಿ ಒತ್ತಿದ ಹೈ ಸೆಕ್ಯುರಿಟಿ ಪ್ಲೇಟ್ ಹಾಕಿಕೊಂಡೇ ಬರತೊಡಗಿದವು. 2023ರ ಆಗಸ್ಟ್‌ನಲ್ಲಿ ಹಳೇ ಗಾಡಿಗೂ ಅದೇ ಕಡ್ಡಾಯ ಅಂತ ರಾಜ್ಯ ಸರ್ಕಾರ ಹೇಳಿತು. ದಿನಾ ಅಕ್ಕಿ ಬೇಳೆಗೆ ಆಗುತ್ತಿದ್ದ ದುಡ್ಡು ಅದು, ಹೋಯಿತು. ಉಳಿದದ್ದು ಆಟೋ ಹಿಂದಿನ ಬರಹ, ಟ್ರ್ಯಾಕ್ಟರ್ ಪಟ್ಟಿ, ದೇವರ ಚಿತ್ರ, ಹೀರೋ ಚಿತ್ರ, ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವವರ ಲೇಬಲ್ಲು. ಇದಕ್ಕೆಲ್ಲ ಬರೀ ಕಟಿಂಗ್ ಸಾಲದು, ಪ್ರಿಂಟೂ ಬೇಕು. ಹಾಗಾಗಿ ಪ್ರಿಂಟರ್ ಮತ್ತು ಕಟರ್ (ಕಂಪ್ಯೂಟರಿನ ಡಿಸೈನ್‌ನಂತೆ ಬ್ಲೇಡಿನಲ್ಲಿ ಹಾಳೆ ಕೊಯ್ಯುವ ಮೆಷಿನ್) ಹುಡುಕಲು ಹೊರಟೆ. ಕೊಂಡು ಎಂಟು ತಿಂಗಳಾಯಿತು, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಇದಕ್ಕೂ ಮುಂಚೆ ಒಂದು ಅಗ್ಗದ ಕಟರ್ ತಂದಿದ್ದೆ. ಹೆಸರು ಬೇಡ. 24 ಇಂಚು, ನೋಡಲು ಗಟ್ಟಿಮುಟ್ಟು. ಆದರೆ ಬ್ಲೇಡು ಹಿಡಿಯುವ ತಲೆ ಸ್ವಲ್ಪ ಅಲ್ಲಾಡುತ್ತಿತ್ತು. ದೊಡ್ಡ ಅಕ್ಷರಕ್ಕೆ ಅದು ಗೊತ್ತಾಗುತ್ತಿರಲಿಲ್ಲ. ಸಣ್ಣ ಸುತ್ತು ಬಂದಾಗ ಮಾತ್ರ ಶುರುವಾದ ಜಾಗಕ್ಕೆ ವಾಪಸ್ ಬಂದು ಸೇರುತ್ತಿರಲಿಲ್ಲ. ಒಂದು ದಿನ ಮಠಕ್ಕೆ ಭಕ್ತರನ್ನು ಕರೆದುಕೊಂಡು ಹೋಗುವ ಟೆಂಪೋ ಬಂತು. ಹಿಂದಿನ ಗಾಜಿಗೆ ಬರಹ ಬೇಕಿತ್ತು. ಕೊಯ್ದ ಮೇಲೆ ಅಕ್ಷರದ ಸುತ್ತಲಿನ ಬೇಡದ ಹಾಳೆ, ಅಂದರೆ ವೇಸ್ಟ್ ಎಳೆಯುವಾಗ ಠಕಾರದ ಒಳಗಿನ ಚುಕ್ಕಿ ಅದರ ಜೊತೆಗೇ ಕಿತ್ತು ಬಂತು. ನಾನು ನೋಡಲಿಲ್ಲ, ಅಂಟಿಸಿಬಿಟ್ಟೆ. ಡ್ರೈವರಣ್ಣ ಹಿಂದೆ ಹೋಗಿ ಓದಿದರು. "ಏನಮ್ಮಾ, ಮಠಕ್ಕೆ ಹೋಗೋ ಗಾಡಿ ಇದು. ಮರಕ್ಕೆ ಗುದ್ದಿಸ್ತೀಯಾ?" ಅಂದರು. ಅಪ್ಪ ಒಳಗೆ ಕೂತು ನಕ್ಕಿದ್ದೇ ನಕ್ಕಿದ್ದು.

ಇಂಗ್ಲಿಷ್ ಅಕ್ಷರ ಕೊಯ್ಯುವವರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಕನ್ನಡದಲ್ಲಿ ಎಲ್ಲೆಲ್ಲೂ ಸುತ್ತು, ಸೀಳು, ಚುಕ್ಕಿ. ಮೇಲೆ ಒತ್ತಕ್ಷರ ಬೇರೆ. ಕಟರ್ ನೋಡುವುದು ಅಕ್ಷರವನ್ನಲ್ಲ, ಅದರ ಅಂಚಿನ ಗೆರೆಯನ್ನು. ನುಡಿ ಫಾಂಟಿನಲ್ಲಿ ಒತ್ತು ಬೇರೆಯೇ ಒಂದು ತುಂಡು. ಅದು ಮೇಲಿನ ಅಕ್ಷರದ ಮೇಲೆ ಹತ್ತಿ ಕೂತರೆ ಬ್ಲೇಡು ಎರಡರ ಗೆರೆಯನ್ನೂ ಕೊಯ್ಯುತ್ತದೆ, ಅಕ್ಷರ ಮಧ್ಯಕ್ಕೇ ತುಂಡಾಗುತ್ತದೆ. ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರವನ್ನು ಕರ್ವ್ (ಬರೀ ಗೆರೆ) ಮಾಡಿ, ಎಲ್ಲ ಸೆಲೆಕ್ಟ್ ಮಾಡಿ, ವೆಲ್ಡ್ ಕೊಟ್ಟು (ತುಂಡುಗಳನ್ನು ಒಂದಾಗಿಸಿ) ಆಮೇಲೆ ಕಳಿಸಬೇಕು. ಯಾವ ಮೆಷಿನ್ ತಂದರೂ ಇದು ತಪ್ಪಿದ್ದಲ್ಲ.

ಅದಕ್ಕೇ ಈ ಸಲ ಬೆಂಗಳೂರಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನನ್ನದೇ ಪರೀಕ್ಷೆ ಪತ್ರಿಕೆ ಇತ್ತು. "ಶ್ರೀ ಆಂಜನೇಯ ಪ್ರಸನ್ನ" ಎಂಟು ಮಿಲಿಮೀಟರ್ ಎತ್ತರದಲ್ಲಿ. ಸಾಲಾಗಿ ಹತ್ತು ಠಕಾರ. ಎರಡು ಮೀಟರ್ ಉದ್ದದ ಟ್ರ್ಯಾಕ್ಟರ್ ಪಟ್ಟಿ. ಕೈಯಲ್ಲಿ ನಮ್ಮ ಅಂಗಡಿಯದೇ ದಪ್ಪ ರೇಡಿಯಂ ಒಂದು ಸುರುಳಿ. ಡೀಲರ್‌ಗಳು ತೋರಿಸುವ ಡೆಮೊ ನಂಬಬೇಡಿ. ಅವರು ಮೆತ್ತನೆ ಹಾಳೆಯಲ್ಲಿ ಚಿಟ್ಟೆ ಕೊಯ್ದು ತೋರಿಸುತ್ತಾರೆ. ಚಿಟ್ಟೆ ಯಾವ ಮೆಷಿನ್ನೂ ಕೊಯ್ಯುತ್ತದೆ.

ಮೊದಲು ನೋಡಿದ್ದು ರೋಲ್ಯಾಂಡ್ ಬಿಎನ್-20. ಪ್ರಿಂಟ್ ಮಾಡಿ ಅದೇ ಕಟ್ಟೂ ಮಾಡುತ್ತದೆ, 20 ಇಂಚಿನ ರೋಲ್, ಇಕೋ ಸಾಲ್ವೆಂಟ್ ಇಂಕು. ಈ ಇಂಕು ವಿನೈಲನ್ನು ಕಚ್ಚಿ ಹಿಡಿಯುತ್ತದೆ, ಮಳೆಗೆ ಕರಗುವುದಿಲ್ಲ. ಕೆಲಸ ನೋಡಿ ಆಸೆಯಾಯಿತು, ಸುಳ್ಳು ಹೇಳಲ್ಲ. ಆದರೆ ಬೆಲೆ ಲಕ್ಷಗಳ ಲೆಕ್ಕ, ಮೇಲೆ ಶೇ. 18 ಜಿಎಸ್‌ಟಿ. ಇನ್ನೊಂದು ಮಾತು: ಒಂದೇ ಮೆಷಿನ್ ಆದ್ದರಿಂದ ಕಟ್ ಮಾಡುವಾಗ ಪ್ರಿಂಟ್ ನಿಲ್ಲುತ್ತದೆ. ಕೆಟ್ಟರೆ ಎರಡೂ ಕೆಲಸ ಕೆಟ್ಟಂತೆ. ಇಕೋ ಸಾಲ್ವೆಂಟ್ ಪ್ರಿಂಟರಿನ ಹೆಡ್ಡನ್ನು (ಇಂಕು ಚಿಮ್ಮುವ ಭಾಗ) ದಿನಗಟ್ಟಲೆ ಸುಮ್ನೆ ಬಿಟ್ಟರೆ ಒಣಗಿ ಕಟ್ಟಿಕೊಳ್ಳುತ್ತದೆ. ಆಷಾಢದಲ್ಲಿ ನಮ್ಮ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವೇ ಜಾಸ್ತಿ. ಆಗ ಇದಕ್ಕೆ ಯಾರು ಮೇವು ಹಾಕುವುದು?

ಸಿಲೂಯೆಟ್ ಕ್ಯಾಮಿಯೋ 4 ಅನ್ನುವ ಪುಟ್ಟ ಕಟರ್ ನನ್ನ ಗೆಳತಿ ಹತ್ತಿರ ಇದೆ. ಮನೆಯಿಂದಲೇ ಲೇಬಲ್, ಮಕ್ಕಳ ಹೆಸರಿನ ಸ್ಟಿಕ್ಕರ್ ಮಾಡುತ್ತಾಳೆ. ಅವಳಿಗೆ ಅದು ಹೇಳಿ ಮಾಡಿಸಿದಂತಿದೆ. ನನಗಲ್ಲ. 12 ಇಂಚಿನ ಅಗಲಕ್ಕೆ ಆಟೋ ಗಾಜು ಕೂರುವುದಿಲ್ಲ. ಜೊತೆಗೆ ಬರುವ ಉಚಿತ ಸಾಫ್ಟ್‌ವೇರ್ ಕೋರೆಲ್ ಫೈಲ್ ತೆರೆಯುವುದಿಲ್ಲ. ಅದು ನೇರವಾಗಿ ಬೇಕೆಂದರೆ ಬಿಸಿನೆಸ್ ಎಡಿಷನ್‌ಗೆ ಬೇರೆ ದುಡ್ಡು ಕೊಡಬೇಕು. ನನ್ನ ಹತ್ತು ವರ್ಷದ ಡಿಸೈನೆಲ್ಲ ಕೋರೆಲ್‌ನಲ್ಲಿದೆ.

ಕೊನೆಗೆ ಕೊಂಡದ್ದು ಗ್ರಾಫ್‌ಟೆಕ್ ಸಿಇ7000-60. ಜಪಾನಿನದು, 24 ಇಂಚು. ಹತ್ತು ಠಕಾರಕ್ಕೆ ಹತ್ತೂ ಚುಕ್ಕಿ ನಿಂತವು. ಎರಡು ಮೀಟರ್ ಪಟ್ಟಿ ಹೋಗಿ ಬಂದರೂ ಹಾಳೆ ಪಕ್ಕಕ್ಕೆ ಜಾರಲಿಲ್ಲ. ಕೋರೆಲ್ ಒಳಗಿಂದಲೇ ಕಟಿಂಗ್ ಮಾಸ್ಟರ್ ಅನ್ನುವ ಪ್ಲಗಿನ್‌ನಲ್ಲಿ ಕಳಿಸಬಹುದು. ಮಾಮೂಲಿ ಹಾಳೆಗೆ 45 ಡಿಗ್ರಿ ಬ್ಲೇಡು, ದಪ್ಪ ರೇಡಿಯಂಗೆ 60 ಡಿಗ್ರಿ. ಬ್ಲೇಡಿನ ಬೆಲೆ ಕೇಳಿದರೆ ಅಗ್ಗದ ಮೆಷಿನ್ ಬಳಸಿದವರಿಗೆ ಎದೆ ಧಸಕ್ ಅನ್ನುತ್ತದೆ. ನನಗೂ ಅಂದಿತು. ಆದರೆ ಒಂದು ಬ್ಲೇಡು ಬಾಳುವ ದಿನ ನೋಡಿದರೆ ಲೆಕ್ಕ ಸರಿಹೋಗುತ್ತದೆ. ಮೊದಲ ವಾರ ಒತ್ತಡ ಜಾಸ್ತಿ ಇಟ್ಟು ಹಿಂದಿನ ಕಾಗದವನ್ನೂ ಸೇರಿಸಿ ಕೊಯ್ದೆ. ಅಪ್ಪ ಬಂದು, ಹಾಳೆ ಕಿತ್ತಮೇಲೆ ಕಾಗದದ ಮೇಲೆ ಉಗುರು ಗೀಚಿದಷ್ಟು ಗುರುತು ಮಾತ್ರ ಇರಬೇಕು ಅಂದರು. ಮೆಷಿನ್ ಪುಸ್ತಕದಲ್ಲಿರುವುದೂ ಹೆಚ್ಚುಕಡಿಮೆ ಅದೇ.

ಆದರೆ ಇದನ್ನು ಕೊಂಡ ಅಸಲಿ ಕಾರಣ ಅದರ ಕಣ್ಣು. ಪ್ರಿಂಟ್ ಆದ ಹಾಳೆಯ ಮೂಲೆಗಳಲ್ಲಿ ಕಪ್ಪು ಗುರುತು ಇರುತ್ತವಲ್ಲ, ಅವನ್ನು ಸೆನ್ಸರ್ ಓದಿ, ಚಿತ್ರ ಎಲ್ಲಿದೆ ಅಂತ ತಿಳಿದುಕೊಂಡು, ಸುತ್ತಲೂ ಕೊಯ್ಯುತ್ತದೆ. ಇದು ಗೊತ್ತಾದ ಮೇಲೆ ನನ್ನ ಲೆಕ್ಕವೇ ಬದಲಾಯಿತು. ಇಕೋ ಸಾಲ್ವೆಂಟ್ ಪ್ರಿಂಟರ್ ನಾನು ಕೊಳ್ಳಬೇಕಾಗಿಯೇ ಇರಲಿಲ್ಲ. ಊರಲ್ಲಿ ಅದನ್ನು ಇಟ್ಟುಕೊಂಡವರು ಇದ್ದಾರೆ, ಚದರಡಿ ಲೆಕ್ಕದಲ್ಲಿ ಪ್ರಿಂಟ್ ಹಾಕಿ ಕೊಡುತ್ತಾರೆ. ಗುರುತು ಸಮೇತ ಫೈಲ್ ಕೊಟ್ಟು ಪ್ರಿಂಟ್ ತರುತ್ತೇನೆ, ಕಟಿಂಗ್ ನನ್ನದು. ಸಾಲದ ಕಂತು ಅವರದು, ಕೆಲಸ ನನ್ನದು. ಚೆನ್ನಾಗಿದೆ ಅಲ್ವಾ?

ಅಷ್ಟು ಸಲೀಸಾಗಿಯೂ ಇಲ್ಲ. ಒಂದು ಸಲ ಪ್ರಿಂಟ್ ಹಾಕುವ ಹುಡುಗ ಹಾಳೆಗೆ ಹೊಂದಲಿ ಅಂತ ಫೈಲನ್ನು ಒಂಚೂರು ಕುಗ್ಗಿಸಿದ್ದ. ಗುರುತುಗಳ ನಡುವಿನ ದೂರ ಬದಲಾಗಿ ಕಟರ್ ತಕರಾರು ಶುರು ಮಾಡಿತು. ಈಗ ಫೈಲ್ ಜೊತೆ "ಸೈಜ್ ಮುಟ್ಟಬೇಡಿ" ಅಂತ ದೊಡ್ಡದಾಗಿ ಬರೆದು ಕೊಡುತ್ತೇನೆ. ಬಂದ ಮೇಲೆ ಸ್ಕೇಲ್ ಹಿಡಿದು ಅಳೆಯುತ್ತೇನೆ. ಇನ್ನೊಂದು ಸಲ ಬೇರೊಬ್ಬರು ಪ್ರಿಂಟ್ ಆದ ಸಂಜೆಯೇ ಲ್ಯಾಮಿನೇಷನ್ ಹಾಕಿ ಕಳಿಸಿದರು. ಇಕೋ ಸಾಲ್ವೆಂಟ್ ಇಂಕಿನಲ್ಲಿರುವ ಸಾಲ್ವೆಂಟ್ ಆವಿಯಾಗಿ ಹೋಗಲು ಕನಿಷ್ಠ 24 ಗಂಟೆಯಾದರೂ ಹಾಳೆ ಬಿಡಿಸಿ ಇಡಬೇಕು. ಇಡದೇ ಹೋದರೆ ಅಂಟು ಮೆತ್ತಗಾಗಿ ಅಂಚು ಸುರುಳಿ ಏಳುತ್ತದೆ. ಎದ್ದಿತು ಕೂಡ. ನಲವತ್ತು ಸ್ಟಿಕ್ಕರ್ ಕಸದ ಬುಟ್ಟಿಗೆ. ಹೊಳಪಿನ ಲ್ಯಾಮಿನೇಷನ್ ಇದ್ದರೆ ಟ್ಯೂಬ್‌ಲೈಟ್ ಬೆಳಕು ಮಿಂಚಿ ಸೆನ್ಸರ್ ಗುರುತು ಕಾಣದೆ ಒದ್ದಾಡುತ್ತದೆ. ಗುರುತಿನ ಮೇಲೆ ಮಾತ್ರ ಹೊಳಪಿಲ್ಲದ ಪಾರದರ್ಶಕ ಟೇಪ್ ಒಂದು ತುಂಡು ಅಂಟಿಸಿ, ಓದುತ್ತದೆ.

ಇನ್ನು ಪ್ರಿಂಟರ್. ಅಂಗಡಿಯಲ್ಲೇ ಹತ್ತು ಇಪ್ಪತ್ತು ಲೇಬಲ್ ಕೊಡಲು ಎಪ್ಸನ್ ಎಲ್18050 ತಂದೆ. ಎ3ಗಿಂತ ಸ್ವಲ್ಪ ದೊಡ್ಡ ಹಾಳೆ, ಆರು ಬಣ್ಣ, ಬಾಟಲಿಯಿಂದ ಇಂಕ್ ಸುರಿದುಕೊಳ್ಳುವುದು. ಚರ್ಮದ ಬಣ್ಣ, ದೇವರ ಮುಖ ಎಲ್ಲ ಬಹಳ ನಯವಾಗಿ ಬರುತ್ತದೆ. ಪಿವಿಸಿ ಕಾರ್ಡಿನ ಮೇಲೂ ಹಾಕುತ್ತದೆ. ಹಾಗಾಗಿ ಜೂನ್‌ನಲ್ಲಿ ಟ್ಯೂಷನ್ ಸೆಂಟರ್‌ಗಳ ಐಡಿ ಕಾರ್ಡ್ ಕೆಲಸ ಸಿಕ್ಕಿತು, ಅದನ್ನು ನಾನು ಅಂದುಕೊಂಡೇ ಇರಲಿಲ್ಲ. ಆದರೆ ಇದು ಡೈ ಇಂಕು, ಬಣ್ಣ ನೀರಲ್ಲಿ ಕರಗಿರುವ ಇಂಕು. ಡೈ ಇಂಕು ಯಾರದ್ದಾದರೂ ಬಿಸಿಲಿಗೆ ಬಣ್ಣ ಕಳೆದುಕೊಳ್ಳುವುದೇ. ಉಪ್ಪಿನಕಾಯಿ ಬಾಟಲಿಗೆ, ಲ್ಯಾಪ್‌ಟಾಪಿಗೆ, ನೋಟ್‌ಬುಕ್ಕಿಗೆ ಹಾಕಿ. ಆಟೋ ಮೇಲೆ ಹಾಕಬೇಡಿ. ರಾಜ್ಯೋತ್ಸವದ ಹಳದಿ ಕೆಂಪು ಬಾವುಟಗಳನ್ನು ನಾನು ಇಂಕ್ಜೆಟ್‌ನಲ್ಲಿ ಹಾಕುವುದಿಲ್ಲ. ಹಳದಿ ರೇಡಿಯಂ, ಕೆಂಪು ರೇಡಿಯಂ ಬೇರೆ ಬೇರೆ ಕೊಯ್ದು ಜೋಡಿಸುತ್ತೇನೆ. ಮುಂದಿನ ನವೆಂಬರ್‌ವರೆಗೂ ಬಣ್ಣ ಹಾಗೇ ಇರುತ್ತದೆ.

ಪಿಗ್ಮೆಂಟ್ ಇಂಕಿನ (ಬಣ್ಣದ ಪುಡಿ ಕರಗದೆ ತೇಲುವ ಇಂಕು) ಎಪ್ಸನ್ನಿನದೇ ಎಲ್15150 ಕೂಡ ನೋಡಿದ್ದೆ. ಅದು ಆಫೀಸಿಗೆ ಒಳ್ಳೆಯದು, ಸ್ಕ್ಯಾನರ್ ಇದೆ. ನಾಲ್ಕೇ ಬಣ್ಣ, ನನಗೆ ಮುಖಗಳು ಮುಖ್ಯ, ಬಿಟ್ಟೆ.

ಯಾವುದು ಮೊದಲು ಅಂತ ಕೇಳಿದರೆ ಕಟರ್. ಇರುವ ದುಡ್ಡಿನ ದೊಡ್ಡ ಪಾಲು ಅದಕ್ಕೇ ಹಾಕಿ. ಪ್ರಿಂಟ್ ಬೇರೆ ಕಡೆ ಸಿಗುತ್ತದೆ, ಒಳ್ಳೆಯ ಕಟಿಂಗ್ ಸಿಗುವುದಿಲ್ಲ. ಜೊತೆಗೆ ಒಂದು ಯುಪಿಎಸ್ ತೆಗೆದುಕೊಳ್ಳಿ. ಅರ್ಧ ಕೊಯ್ದಾಗ ಕರೆಂಟ್ ಹೋದರೆ ಎಲ್ಲಿ ನಿಂತಿದ್ದೆ ಅನ್ನುವುದು ಮೆಷಿನ್‌ಗೆ ಮರೆತುಹೋಗುತ್ತದೆ, ಆ ಹಾಳೆ ಹೋದಂತೆಯೇ.

ಲ್ಯಾಮಿನೇಷನ್ ರೋಲರ್ ಮಾತ್ರ ಇನ್ನೂ ತಂದಿಲ್ಲ. ಸದ್ಯಕ್ಕೆ ಅಪ್ಪನೇ ಕೈಯಲ್ಲಿ ಸ್ಕ್ವೀಜಿ (ಹಾಳೆ ಒತ್ತಿ ಅಂಟಿಸುವ ಪಟ್ಟಿ) ಹಿಡಿದು ಎಳೆಯುತ್ತಾರೆ. ಒಂದು ಗುಳ್ಳೆ ಬರುವುದಿಲ್ಲ. ನಾನು ಎಳೆದರೆ ಬರುತ್ತದೆ.